ಹೊನ್ನಿನ ಲಾರ್ಚ್ ಕಾಣಲು ಮೇಪಲ್ ಪಾಸ್ ಚಾರಣ

ವಾಷಿಂಗ್ಟನ್ ರಾಜ್ಯದ ನಾರ್ತ್ ಕ್ಯಾಸ್ಕೇಡ್ಸ್ ಪರ್ವತಗಳಲ್ಲಿ ಶರತ್ಕಾಲದ ಬಣ್ಣ ನೋಡಬೇಕೆನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಮೇಪಲ್ ಪಾಸ್ (ಪಾಸ್ ಎಂದರೆ ಬೆಟ್ಟಸಾಲನ್ನು ದಾಟುವ ಕಣಿವೆದಾರಿ). ಹೆಸರಿನಲ್ಲಿ ಮೇಪಲ್ ಇದ್ದರೂ ಇಲ್ಲಿಗೆ ಜನರನ್ನು ಸೆಳೆಯುವುದು ಲಾರ್ಚ್ ಮರ. ಅದು ಪೈನ್ ಕುಟುಂಬಕ್ಕೆ ಸೇರಿದ್ದರೂ ನಿತ್ಯಹರಿದ್ವರ್ಣವಲ್ಲ. ಚಳಿಗಾಲ ಸಮೀಪಿಸಿದಂತೆ ಸೂಜಿಯಂಥ ತನ್ನ ಎಲೆಗಳಿಂದ ಸಾರಜನಕವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಸಿರು ಕರಗಿ, ಒಳಗೇ ಇದ್ದ ಹಳದಿ ಮೇಲೆ ಬರುತ್ತದೆ. ಕೊನೆಗೆ ಎಲೆಯೆಲ್ಲ ಉದುರಿಹೋಗುತ್ತದೆ. ನೆಲ ಹೆಪ್ಪುಗಟ್ಟಿ ಬೇರಿಗೆ ನೀರು ಸಿಗದ ತಿಂಗಳುಗಳಲ್ಲಿ ಎಲೆಗಳ ಮೂಲಕ ತೇವ ಕಳೆದುಕೊಳ್ಳದಿರಲು ಮರಕ್ಕೆ ಇದು ಒಳ್ಳೆಯ ಉಪಾಯ. ಕೆಳಗೆ ಹಬ್ಬಿರುವ ಹಕಲ್‌ಬೆರಿ ಪೊದೆಗಳ ಕೆಂಪಿನ ಬಗೆ ಬೇರೆ. ಅದು ಶರತ್ಕಾಲದಲ್ಲಿ ಹೊಸದಾಗಿ ತಯಾರಾಗುವ ಆಂಥೋಸಯನಿನ್. ನಮ್ಮೂರಿನ ಮಾವಿನ ಚಿಗುರಿಗೆ ಕೆಂಪು ಕೊಡುವುದೂ ಇದೇ ಬಗೆಯ ವರ್ಣದ್ರವ್ಯ. ಎಲೆ ಉದುರುವುದೆಂದರೆ ಶಿಶಿರವೆಂದು ಕಲಿತು ಬೆಳೆದ ನಮಗೆ ಶರತ್ತಿನಲ್ಲೇ ಅದನ್ನು ಕಾಣುವುದು ಹೊಸದೆನಿಸುತ್ತದೆ.

ಕಾಲವನ್ನು ಸರಿಯಾಗಿ ಆರಿಸಿಕೊಳ್ಳುವುದೇ ಈ ಚಾರಣದ ಮುಖ್ಯ ಕೆಲಸ. ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಎರಡನೆಯ ವಾರದವರೆಗೆ ಬಣ್ಣ ನಿಲ್ಲುತ್ತದೆ. ಆದರೆ ಒಂದು ಜೋರು ಗಾಳಿ ಅಥವಾ ಬೇಗ ಬಿದ್ದ ಹಿಮ ಅದನ್ನು ಒಂದೇ ರಾತ್ರಿಯಲ್ಲಿ ಮುಗಿಸಬಲ್ಲದು. ಆದ್ದರಿಂದ ತಿಂಗಳ ಮೊದಲೇ ದಿನ ಗೊತ್ತುಮಾಡುವ ಬದಲು, ಎರಡು ಮೂರು ದಿನಗಳನ್ನು ಖಾಲಿ ಇಟ್ಟುಕೊಂಡು ಹವಾಮಾನ ನೋಡಿ ಹೊರಡಿರಿ. ಸಾಧ್ಯವಾದರೆ ವಾರದ ನಡುವೆ ಹೋಗಿರಿ. ಶನಿವಾರ, ಭಾನುವಾರ ವಾಹನ ನಿಲುಗಡೆಯ ಜಾಗ ಬೆಳಗ್ಗೆಯೇ ತುಂಬಿ, ಹೆದ್ದಾರಿಯ ಅಂಚಿನುದ್ದಕ್ಕೂ ಕಾರುಗಳು ಸಾಲುಗಟ್ಟುತ್ತವೆ.

ಚಾರಣ ಆರಂಭವಾಗುವುದು ರಾಜ್ಯ ಹೆದ್ದಾರಿ 20ರ ಮೇಲಿರುವ ರೇನಿ ಪಾಸ್‌ನಲ್ಲಿ. ಸಿಯಾಟಲ್‌ನಿಂದ ಬರುವವರು ಸುಮಾರು ಮೂರು ಗಂಟೆಯ ಪ್ರಯಾಣಕ್ಕೆ ಸಿದ್ಧರಾಗಿ, ಮಾರ್ಬಲ್‌ಮೌಂಟ್ ಊರಿನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಬೇಕು, ಏಕೆಂದರೆ ಪರ್ವತ ದಾಟುವವರೆಗೆ ಬೇರೆ ಬಂಕ್ ಸಿಗುವುದಿಲ್ಲ. ಮೇಲೆ ಮೊಬೈಲ್ ಸಂಕೇತವನ್ನು ನೆಚ್ಚಬಾರದಾದ್ದರಿಂದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಯಾವಾಗ ಮರಳುವಿರೆಂದು ಯಾರಿಗಾದರೂ ತಿಳಿಸಿ ಹೊರಡಿರಿ. ವಾಹನ ನಿಲ್ಲಿಸಲು ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಎಂಬ ಪರವಾನಗಿ ಚೀಟಿ ಬೇಕು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೂ ನಡೆಯುತ್ತದೆ.

ಸುತ್ತುದಾರಿಯ ಉದ್ದ ಸುಮಾರು 7.2 ಮೈಲಿ, ಅಂದರೆ 11.6 ಕಿಲೋಮೀಟರ್, ಏರು ಸುಮಾರು 2,000 ಅಡಿ. ದೇವಸ್ಥಾನದಲ್ಲಿ ನಾವು ಬರುವ ದಿಕ್ಕಿಗೆ ವಿರುದ್ಧವಾಗಿ, ಅಪ್ರದಕ್ಷಿಣವಾಗಿ ಸುತ್ತುವುದೇ ಮೇಲೆಂದು ನನ್ನ ಅಭಿಪ್ರಾಯ. ಹಾಗೆ ಹೋದರೆ ಏರು ನಿಧಾನವಾಗಿ ಬರುತ್ತದೆ; ಮೊದಲು ಕಾಡು, ಬಳಿಕ ಆನ್ ಸರೋವರದ ಕಡೆಗಿನ ಕವಲು, ಅಲ್ಲಿಂದ ಮುಂದೆ ಹೆದರ್ ಪಾಸ್‌ವರೆಗೆ ತೆರೆದ ಇಳಿಜಾರು. ಹೆದರ್ ಪಾಸ್‌ನ ಆಸುಪಾಸಿನಲ್ಲಿ ಲಾರ್ಚ್ ಹೇರಳ. ಇಲ್ಲಿ ಅವಸರ ಮಾಡದೆ ಕುಳಿತುಬಿಡಿರಿ. ಸೂರ್ಯ ಮರದ ಹಿಂದೆ ಇರುವಂತೆ ನಿಂತು ನೋಡಿದರೆ ಸೂಜಿಗಳೊಳಗಿಂದ ಬೆಳಕು ಹಾದು ಇಡೀ ಮರ ದೀಪದಂತೆ ಹೊತ್ತಿಕೊಳ್ಳುತ್ತದೆ. ಮುಟ್ಟಿ ನೋಡಿದರೆ ಆ ಸೂಜಿಗಳು ಚುಚ್ಚುವುದಿಲ್ಲ, ರೇಷ್ಮೆಯಷ್ಟು ಮೆತ್ತಗಿರುತ್ತವೆ. ಇಲ್ಲಿಂದ ಲೂಯಿಸ್ ಮತ್ತು ವಿಂಗ್ ಸರೋವರಗಳ ಕಡೆಗೆ ಬಂಡೆಗಳ ಮೇಲೆ ಹಾಯುವ ಇನ್ನೊಂದು ಕಾಲುದಾರಿ ಕವಲೊಡೆಯುವುದರಿಂದ ದಾರಿ ತಪ್ಪದಂತೆ ನಕ್ಷೆ ನೋಡಿಕೊಳ್ಳಿರಿ. ಚಿತ್ರಕ್ಕಾಗಿ ದಾರಿ ಬಿಟ್ಟು ಹುಲ್ಲುಗಾವಲಿಗೆ ಇಳಿಯಲೇಬೇಡಿರಿ. ಬೇಸಿಗೆ ಬಹಳ ಚಿಕ್ಕದಾದ ಈ ಎತ್ತರದಲ್ಲಿ ತುಳಿತಕ್ಕೆ ಸಿಕ್ಕ ಗಿಡ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.

ಮೈಗೆ ಅಂಟುವ ಒಳ ಅಂಗಿ ಹತ್ತಿಯದಾಗಿರಬಾರದು. ಬೆವರಿಗೆ ಒದ್ದೆಯಾದ ಹತ್ತಿ ಬೆಟ್ಟದ ನೆತ್ತಿಯ ಗಾಳಿಯಲ್ಲಿ ಮೈಯ ಶಾಖವನ್ನೆಲ್ಲ ಹೀರುತ್ತದೆ. ಅದರ ಮೇಲೆ ಉಣ್ಣೆಯದೊಂದು, ಗಾಳಿ ಮಳೆ ತಡೆಯುವುದೊಂದು, ಜೊತೆಗೆ ಟೋಪಿ ಮತ್ತು ಕೈಗವಸು ಇರಲಿ. ಹಿಮ ಬಿದ್ದ ಸುದ್ದಿ ಇದ್ದರೆ ಜಾರದಂತೆ ಶೂಗೆ ತೊಡಿಸುವ ಮುಳ್ಳುಪಟ್ಟಿ, ಅಂದರೆ ಮೈಕ್ರೋಸ್ಪೈಕ್ ಒಯ್ಯಿರಿ. ಅಕ್ಟೋಬರ್ ಮೊದಲ ವಾರದಲ್ಲಿ ಸಂಜೆ ಸುಮಾರು 6:30ಕ್ಕೇ ಸೂರ್ಯ ಮುಳುಗುವುದರಿಂದ ತಲೆದೀಪ ಕಡ್ಡಾಯ. ಬುತ್ತಿಗೆ ಚಪಾತಿ ಸುರುಳಿ ಅನುಕೂಲ. ಚಳಿಯಲ್ಲಿ ಚಿತ್ರಾನ್ನ ಗಟ್ಟಿಯಾಗಿ ರುಚಿ ಕೆಡುತ್ತದೆ. ಕರಡಿಗಳಿರುವ ಕಾಡಾದ್ದರಿಂದ ಉಳಿದ ಒಂದು ಅಗುಳನ್ನೂ ಅಲ್ಲಿ ಬಿಡದೆ ಕಟ್ಟಿಕೊಂಡು ಬನ್ನಿರಿ.

ಮೇಪಲ್ ಪಾಸ್ ದಾಟಿದ ಮೇಲೆ ಇಳಿತ ಕಡಿದಾಗಿದೆ. ಊರುಗೋಲು ಇದ್ದರೆ ಮಂಡಿಗೆ ನೆಮ್ಮದಿ. ಇಳಿದು ಸೇರುವುದು ರೇನಿ ಸರೋವರಕ್ಕೆ ಹೋಗುವ ಡಾಂಬರು ಹಾಕಿದ ದಾರಿ. ಊರಿನಿಂದ ಬಂದ ತಂದೆತಾಯಿಯರಿಗೆ ಬೆಟ್ಟ ಹತ್ತಲಾಗದಿದ್ದರೆ, ಒಂದು ಕಡೆಗೆ ಸುಮಾರು ಒಂದೇ ಮೈಲಿಯಿರುವ ಈ ಸಮತಟ್ಟು ದಾರಿಯಲ್ಲಿ, ಗಾಲಿಕುರ್ಚಿಯಲ್ಲಾದರೂ ಸರಿ, ಅವರನ್ನು ಸರೋವರದ ದಡದವರೆಗೆ ಕರೆದೊಯ್ಯಬಹುದು. ಹಾಗೆ ಬಂದವರಲ್ಲಿ ಒಬ್ಬರು ಅವರ ಜೊತೆ ಕೆಳಗೆ ಉಳಿದರೆ, ಉಳಿದವರು ನಿಶ್ಚಿಂತೆಯಿಂದ ಬೆಟ್ಟ ಸುತ್ತಿ ಬಂದು ಅದೇ ದಾರಿಯಲ್ಲಿ ಅವರನ್ನು ಸೇರಿಕೊಳ್ಳಬಹುದು.