ಬಾಯಿ ಮುಚ್ಚಿಸಲು ಹೋಗಬೇಡಿ, ತೂಕ ಕೂಗಲು ಹಚ್ಚಿ

ಕೊಡಗಿನ ಕಾಫಿ ತೋಟದ ಆಫೀಸಲ್ಲಿ ಇಬ್ಬರು ರೈಟರ್ (ಲೆಕ್ಕ ಬರೆಯೋರು) ಇದ್ದು, ಒಬ್ಬರ ಬಾಯಿ ನಿಲ್ಲಲ್ಲ ಅಂದರೆ ಇನ್ನೊಬ್ಬರ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಪುಸ್ತಕ) ಏನಾಗುತ್ತೆ ಅಂತ ಈ ಕೆಲಸದಲ್ಲಿರೋರಿಗೆ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಬಾಯಿ ನಿಲ್ಲದವರು ನನ್ನ ಜತೆಯ ರೈಟರ್; ಅವರು ನನ್ನ ಮೇಜಿಗೆ ಬರೋ ಮುಂಚೆ ನಾನೇ ಹೋಗಿ ಅವರ ಮಾತು ಕೇಳಿಬಿಡ್ತೇನೆ. "ಮಾತಾಡೋರ ಹತ್ರ ನೀನೇ ಹೋಗಿ ಬಾಯಿ ತೆಗೆಸಿದರೆ ಇನ್ನೂ ಕೆಡುತ್ತೆ" ಅಂತ ನಕ್ಕಿದ್ದ ಅಕ್ಕಪಕ್ಕದ ತೋಟದ ಇಬ್ಬರು ಈಗ ಇದನ್ನೇ ಮಾಡ್ತಿದ್ದಾರೆ. ಹಾಗಾಗಿ ಬರೀತಿದ್ದೇನೆ. ಅಂಕಿಗಳೆಲ್ಲ ನೆನಪಿನವು, ಸ್ವಲ್ಪ ಆಚೀಚೆ ಇರಬಹುದು.

ಮೊದಲು ದುಡ್ಡು. ರೋಬಸ್ಟಾ ಕಾಫಿ ಕೊಯ್ಲಲ್ಲಿ ಸಂಜೆ ತೂಕಕ್ಕೆ ಅರವತ್ತು ಜನ ನಿಲ್ತಾರೆ. ಕೊಯ್ದ ಕೆಜಿಗೆ ಐದು ರೂಪಾಯಿ ಕೂಲಿ. ತಕ್ಕಡಿಯ ಅಂಕಿ ನೋಡೋ ಹೊತ್ತಿಗೇ ಪಕ್ಕದಿಂದ "ಸಿದ್ದಾಪುರದ ಕಡೆ ನಿನ್ನೆ ಆನೆ..." ಅಂತ ಶುರುವಾದರೆ 28 ಇದ್ದದ್ದು 38 ಆಗುತ್ತೆ, ಇಲ್ಲ ಒಂದೇ ಚೀಲ ಎರಡು ಸಲ ಪುಸ್ತಕಕ್ಕೆ ಏರುತ್ತೆ. ಕಡಿಮೆ ಬರೆದರೆ ಆಳುಗಳು ಮರುದಿನ ಬೆಳಗ್ಗೆಯೇ ಬಂದು ಕೇಳ್ತಾರೆ, ಜಾಸ್ತಿ ಬರೆದದ್ದನ್ನ ಹೇಳೋಕೆ ಯಾರೂ ಬರಲ್ಲ. ಅಂಥ ತಪ್ಪು ದಿನಕ್ಕೆ ಮೂರು, ತಪ್ಪೊಂದಕ್ಕೆ 50 ರೂಪಾಯಿ ಅಂತ ಹಿಡಿದರೂ ಎಪ್ಪತ್ತು ಸಂಜೆಗೆ ಹತ್ತೂವರೆ ಸಾವಿರ. ಆಳು ಬಿಡೋ ಪಿಕಪ್ ಮುಕ್ಕಾಲು ಗಂಟೆ ಕಾದರೆ ಡ್ರೈವರ್ ಕೇಳೋ ನೂರು ರೂಪಾಯಿ ಬೇರೆ. 2024ರಲ್ಲಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕೆಜಿ ಮೂಟೆಗೆ 10 ಸಾವಿರ ದಾಟಿತಲ್ಲ, ಆಮೇಲಂತೂ ರೇಟಿನ ಮಾತು ಗಂಟೆಗೊಮ್ಮೆ.

ಕೈ ಸುಟ್ಟುಕೊಂಡವು ಯಾವುವು ಅಂದರೆ: ಕುತ್ತಿಗೆಗೆ ಹಾಕೋ ಬ್ಲೂಟೂತ್ ಒಂದಕ್ಕೆ 1300 ಕೊಟ್ಟೆ. ಕಿವಿ ಮುಚ್ಚಿದ್ದು ಕಂಡರೆ ಅವರು ಭುಜ ತಟ್ಟಿ ಮಾತಾಡ್ತಾರೆ, ಮತ್ತೆ ಮೊದಲಿಂದ ಹೇಳ್ತಾರೆ. ನಮ್ಮ ಕಡೆ ಕಿವಿ ಮುಚ್ಚಿಕೊಂಡು ತೋಟಕ್ಕೆ ಇಳಿಯೋದೂ ಕ್ಷೇಮವಲ್ಲ, ಆನೆ ಬಂತು ಅಂತ ಯಾರಾದರೂ ಕೂಗಿದ್ದು ಕೇಳಬೇಕು. ಆಮೇಲೆ ಮೇಜು ತಿರುಗಿಸಿ ಬಾಗಿಲಿಗೆ ಬೆನ್ನು ಹಾಕಿದೆ. ಬಡಗಿಗೆ, ವೈರಿಂಗಿಗೆ ಎಲ್ಲ ಸೇರಿ 1800 ಆಯ್ತು. ಎದುರಿನ ಖಾಲಿ ಕುರ್ಚಿ ಮೇಲೆ ಹಳೇ ಚೆಕ್‌ರೋಲ್ ಕಟ್ಟು ಪೇರಿಸಿಟ್ಟೆ. ಅವರು ಮೂಟೆ ಎಳೆದುಕೊಂಡು ಕೂತರು. ಮೂಟೆ ಕುರ್ಚಿಗಿಂತ ಮೆತ್ತಗಿರೋದರಿಂದ ಹತ್ತು ನಿಮಿಷದ್ದು ಇಪ್ಪತ್ತಾಯ್ತು. ಮ್ಯಾನೇಜರಿಗೆ ಹೇಳಿದ್ದು ಎಲ್ಲಕ್ಕಿಂತ ದಂಡ. ಮೂರು ದಿನ ಮೌನ, ನಾಲ್ಕನೇ ದಿನದಿಂದ ಆ ಮೌನದ ಬಗ್ಗೆಯೇ ಮಾತು.

ಹೂಂಗುಟ್ಟೋದರ ಬಗ್ಗೆ ಸ್ವಲ್ಪ ಹೇಳಬೇಕು, ಬಹಳ ಜನ ಎಡವೋದು ಅಲ್ಲೇ. ಪುಸ್ತಕದಿಂದ ತಲೆ ಎತ್ತದೆ "ಹೂಂ" ಅಂದರೆ ಬೇಸರ ಗೊತ್ತಾಗಿ ಎದ್ದು ಹೋಗ್ತಾರೆ ಅಂತ ನಮ್ಮ ಎಣಿಕೆ. ಅವರ ಕಿವಿಗೆ ಅದು "ಕೇಳ್ತಿದ್ದೇನೆ, ಮುಂದೆ ಹೇಳಿ" ಅಂತಲೇ ಬೀಳುತ್ತೆ. ದನಿ ಏರಿಸಿ "ಹೂಂ?" ಅಂದರಂತೂ ಹೊಸ ಕವಲು ಒಡೆಯುತ್ತೆ. ಪೂರ್ತಿ ಸುಮ್ಮನಿದ್ದರೆ "ಎಂತ, ಹುಷಾರಿಲ್ವಾ?" ಅಂತ ಕೇಳಿ, ಅಲ್ಲಿಂದ ಯಾರ್ಯಾರಿಗೆ ಎಂಥ ಕಾಯಿಲೆ ಬಂದಿತ್ತು ಅನ್ನೋದಕ್ಕೆ ಹೋಗ್ತಾರೆ. ಹೂಂ ಬದಲು ಅವರ ಮಾತಿನದೇ ಒಂದು ಪದ ಹಿಡಿದು ವಾಕ್ಯ ಮುಗಿಸಿಕೊಡಬೇಕು: "ಹಾಗಾದರೆ ಆನೆ ಹೊಳೆ ದಾಟಿ ಹೋಯ್ತು." ಕೊನೆಗೆ ದನಿ ಇಳಿಯಬೇಕು. ಪ್ರಶ್ನೆ ಆಗಬಾರದು.

ಎಣಿಸಿ ನೋಡಿದ ಮೇಲೇ ದಾರಿ ಸಿಕ್ಕಿದ್ದು. ಅಂಗಿಯ ಎಡ ಜೇಬಿಗೆ ಇಪ್ಪತ್ತು ಕಾಫಿ ಬೀಜ ಹಾಕಿಕೊಂಡು, ಅವರು ಬಂದು ಮಾತು ಶುರು ಮಾಡಿದಾಗೆಲ್ಲ ಒಂದನ್ನ ಬಲ ಜೇಬಿಗೆ ದಾಟಿಸಿದೆ. ಪುಸ್ತಕದಲ್ಲಿ ಗುರುತು ಹಾಕಿದರೆ "ಅದೆಂತ ಬರೀತಿದ್ದೀರಿ?" ಅಂತ ಅದೇ ಒಂದು ಮಾತಾಗುತ್ತೆ, ಬೀಜವೇ ವಾಸಿ. ಏಳು ದಿನ ಎಣಿಸಿದೆ. ದಿನಕ್ಕೆ ಒಂಬತ್ತೋ ಹತ್ತೋ ಸಲ, ಒಂದೊಂದು ಹದಿನಾಲ್ಕು ನಿಮಿಷದಷ್ಟು, ಒಟ್ಟು ಎರಡು ಗಂಟೆಗೂ ಮೇಲೆ. ಸಮಯ ನೋಡಿದರೆ ಬೆಳಗ್ಗೆ ಹತ್ತರ ಚಹಾ ಆದ ಮೇಲೆ ಮತ್ತೆ ಮೂರೂವರೆಯಿಂದ ತೂಕ ಶುರುವಾಗೋವರೆಗೆ ದಟ್ಟ. ಎರಡೂ ಅವರ ಕೈ ಖಾಲಿ ಇರೋ ಹೊತ್ತು. ಕಣದಲ್ಲಿ ಒಣಗೋಕೆ ಹಾಕಿದ ಕಾಫಿ ಎಳೆಸ್ತಿರುವಾಗ ಒಂದು ಮಾತೂ ಇಲ್ಲ.

ಇನ್ನು ವಿಧಾನ. ಬೆಳಗ್ಗೆ ಆಳುಗಳನ್ನ ತೋಟಕ್ಕೆ ಬಿಟ್ಟ ಕೂಡಲೇ, ಅವರು ನನ್ನ ಮೇಜಿಗೆ ಬರೋ ಮುಂಚೆ, ನಾನೇ ಅವರಿದ್ದಲ್ಲಿ ಹೋಗಿ ಅವರ ಮಾತು ಕೇಳ್ತೇನೆ. ನಿಂತುಕೊಂಡೇ, ಕೈಯಲ್ಲಿ ಪುಸ್ತಕ ಹಿಡಿದು. ಏಳೆಂಟು ನಿಮಿಷ ಮನಸಿಟ್ಟು ಕೇಳಬೇಕು, ಫೋನ್ ನೋಡಬಾರದು. ಆಮೇಲೆ "ಬನ್ನಿ ಅಣ್ಣ, ಕಣದ ತನಕ ಹೋಗೋಣ" ಅಂತ ಜತೆಗೆ ನಡೆಯೋದು. ಕೂತು ಆಡೋ ಮಾತಿಗೆ ಕೊನೆ ಇಲ್ಲ, ನಡೆಯುತ್ತಾ ಆಡೋದು ಕಣ ಬಂದಾಗ ನಿಲ್ಲುತ್ತೆ, ಅಲ್ಲಿ ಅವರಿಗೆ ಕೆಲಸ ಇದೆ. ಮೊದಲ ಮೂರು ದಿನ ಬೆಳಗಿನದ್ದೂ ಆಯ್ತು, ಹಗಲಿನದ್ದೂ ಇತ್ತು, ನಷ್ಟವೇ. ಬಿಡದೆ ಮಾಡಿದ ಮೇಲೆ ಎರಡನೇ ವಾರದ ಹೊತ್ತಿಗೆ ಬಲ ಜೇಬಿನ ಬೀಜ ನಾಲ್ಕಕ್ಕೆ ಇಳಿಯಿತು. ಒಂದು ಬೆಳಗ್ಗೆ ತಪ್ಪಿಸಿದರೆ ಅಂದು ಏಳು.

ನಡುವೆ ಬಂದರೆ ಹೇಳೋ ಮಾತು ಇಷ್ಟೇ: "ಆ ಜಾಗದ ಕೇಸಿನ ವಿಷಯ ಪೂರ್ತಿ ಕೇಳಬೇಕು ಅಣ್ಣ, ಈ ಪುಟ ಮುಗಿಸಿ ಮೂರೂವರೆಗೆ ಬರ್ತೇನೆ." ವಿಷಯದ ಹೆಸರು ಹೇಳಬೇಕು, ಗಂಟೆ ಹೇಳಬೇಕು. "ಆಮೇಲೆ ನೋಡೋಣ" ಅಂದರೆ ಅವರು ಅಲ್ಲೇ ನಿಂತಿರ್ತಾರೆ. ಹೇಳಿದ ಹೊತ್ತಿಗೆ ಹೋಗಲೇಬೇಕು, ಎರಡು ಸಲ ಮಾತು ತಪ್ಪಿದರೆ ಮೂರನೇ ಸಲ ಈ ಉಪಾಯ ನಡೆಯಲ್ಲ. ಹತ್ತರಲ್ಲಿ ಆರು ಸಲ ಮೂರೂವರೆಗೆ ಹೋದರೆ ಅವರಿಗೇ ವಿಷಯ ಮರೆತಿರುತ್ತೆ.

ತೂಕದ್ದು ಬೇರೆ. ಅಲ್ಲಿ ಅವರನ್ನ ದೂರ ಇಡೋ ಬದಲು ತಕ್ಕಡಿ ಹತ್ತಿರವೇ ನಿಲ್ಲಿಸಿ ಕೂಗೋ ಕೆಲಸ ಕೊಟ್ಟೆ. ಹೆಸರು, ಚೀಲಕ್ಕೆ ಒಂದು ಕೆಜಿ ಕಳೆದ ತೂಕ, ಇಷ್ಟೇ ಕೂಗಬೇಕು. ನಾನು ಅದನ್ನೇ ತಿರುಗಿ ಹೇಳಿ ಆಮೇಲೆ ಬರೆಯೋದು. ಮೊದಲ ವಾರ "ಮೂವತ್ತೆಂಟೂವರೆ, ಇವಳ ತಂಗಿಗೆ ಪಿರಿಯಾಪಟ್ಟಣದಲ್ಲಿ ಗಂಡು ಗೊತ್ತಾಗಿದೆ" ಅಂತ ಬರ್ತಿತ್ತು. ಗದರಲಿಲ್ಲ. ಅಂಕಿ ಬಿಟ್ಟು ಬೇರೆ ಮಾತು ಸೇರಿದ್ದರೆ ನಾನು ತಿರುಗಿ ಹೇಳಲ್ಲ, ಪೆನ್ನು ಎತ್ತಿ ಹಿಡಿದು ಕೂರೋದು. ಐದಾರು ಸೆಕೆಂಡಿಗೆ ಸಾಲಲ್ಲಿ ಹಿಂದೆ ನಿಂತ ಹೆಂಗಸರೇ "ತೂಕ ಹೇಳಿ ಅಣ್ಣಾ, ಗಾಡಿ ಹೋಗುತ್ತೆ" ಅಂತ ಕೂಗ್ತಾರೆ. ನಾನು ಹೇಳಿದ್ದರೆ ಅವಮಾನ, ಸಾಲು ಹೇಳಿದರೆ ನಗು. ಎಂಟು ದಿನಕ್ಕೆ ಸರಿಹೋಯ್ತು. ದೊಡ್ಡ ಗಂಟಲು, ಅರವತ್ತು ಜನರ ಹೆಸರೂ ಬಾಯಲ್ಲಿದೆ, ಇಂಥ ಕೂಗು ಸುತ್ತಿನ ತೋಟಗಳಲ್ಲಿ ಇಲ್ಲ. ತಪ್ಪು ವಾರಕ್ಕೆ ಒಂದೋ ಎರಡೋ. ಮದುವೆಗೆ ಅಂತ ಅವರು ಎರಡು ದಿನ ರಜೆ ಹಾಕಿದಾಗ ಮಾತ್ರ ಒಂದೇ ಸಂಜೆಗೆ ಐದು ತಪ್ಪು ಬಂದಿದ್ದವು.

ನಡುವೆ ಮಾಡಿ ನೋಡಿದ ಇನ್ನೆರಡು. ಎಲೆ ಅಡಿಕೆ: ಹತ್ತು ರೂಪಾಯಿಗೆ ಆರೇಳು ನಿಮಿಷ ಮೌನ ಸಿಗುತ್ತೆ, ನಿಜ. ಆಮೇಲೆ ಬಾಯಿ ತುಂಬ ರಸ ಇಟ್ಟುಕೊಂಡೇ ಶುರು ಮಾಡ್ತಾರೆ. ಜನವರಿ ಚೆಕ್‌ರೋಲಿನ ಎರಡು ಪುಟದಲ್ಲಿ ಕೆಂಪು ಚುಕ್ಕೆ ಈಗಲೂ ಇದೆ. ಇನ್ನೊಂದು, ಕಪ್ಪು ಹಲಗೆ. ಕೊಡಗಲ್ಲಿ ಮಾತು ಶುರುವಾಗೋ ಬಾಗಿಲು ಎರಡೇ ಅಲ್ವಾ, ಮಳೆ ಮತ್ತೆ ಕಾಫಿ ರೇಟು: "ನಿಮ್ಮಲ್ಲಿ ಎಷ್ಟು ಇಂಚು?" ಮತ್ತೆ "ಇವತ್ತು ರೇಟೆಷ್ಟು?" ಎರಡನ್ನೂ ಹಲಗೆ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದೆ. ಎರಡು ವಾರ ಚೆನ್ನಾಗಿ ನಡೀತು. ಆಮೇಲೆ ಹಲಗೆಯ ಅಂಕಿ ತಪ್ಪು ಅನ್ನೋ ಚರ್ಚೆ ಹುಟ್ಟಿಕೊಂಡಿತು.

ಆದರೆ ಮಳೆಗಾಲಕ್ಕೆ ದಾರಿ ಆ ಹಲಗೆಯಿಂದಲೇ ಸಿಕ್ಕಿತು. ಜೂನ್, ಜುಲೈ ಕರೆಂಟ್ ಇಲ್ಲ, ತೂಕ ಇಲ್ಲ, ಎಲ್ಲರೂ ಒಳಗೆ. ಈಗ ಮಳೆ ಮಾಪಕ ಅವರ ಜವಾಬ್ದಾರಿ. ಬೆಳಗ್ಗೆ ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಬರೆದು, ಆರು ತೋಟಕ್ಕೆ ಫೋನ್ ಮಾಡಿ ಅವರವರದ್ದು ಕೇಳಿ ಹಲಗೆಗೆ ಏರಿಸಬೇಕು. ಭಾಗಮಂಡಲದಲ್ಲಿ ಸಂಗಮ ಮುಳುಗಿತಾ, ಹಾರಂಗಿ ಡ್ಯಾಂ ತುಂಬೋ 2859 ಅಡಿಗೆ ಇನ್ನೆಷ್ಟು ಬಾಕಿ, ಎಲ್ಲ ಆ ಫೋನಿನಲ್ಲೇ ಮುಗಿಯುತ್ತೆ. ಮುಕ್ಕಾಲು ಗಂಟೆ ನನಗೆ ನಿಶ್ಶಬ್ದ. ಈ ಫೋನುಗಳಿಂದಲೇ ಕಳೆದ ಕೊಯ್ಲಿಗೆ ಹನ್ನೆರಡು ಆಳು ಸಿಕ್ಕಿದ್ದು, ಮುಂಗಡ ಇಲ್ಲದೆ. ಅವರು ಯಾವ ತೋಟಕ್ಕೆ ಮೊದಲು ಫೋನ್ ಮಾಡೋ ಹಾಗೆ ನೋಡಿಕೊಳ್ಳಬೇಕು ಅನ್ನೋದರಲ್ಲಿ ಒಂದು ಕಿಟುಕು ಇದೆ, ಬರೆಯಲ್ಲ. ಇದನ್ನ ಅವರೂ ಓದ್ತಾರೆ.

ಇನ್ನೂ ಬಗೆಹರಿಯದ್ದು ಗೋಣಿಕೊಪ್ಪದ ಬ್ಯಾಂಕಿಗೆ ಹೋಗೋ ದಿನ. ಪಿಕಪ್ ಮುಂದಿನ ಸೀಟಲ್ಲಿ ಇಬ್ಬರೂ ಒತ್ತಿಕೊಂಡು ನಲವತ್ತು ನಿಮಿಷ, ಕಣವೂ ಇಲ್ಲ, ತಕ್ಕಡಿಯೂ ಇಲ್ಲ. ಸದ್ಯಕ್ಕೆ ಹೋಗುವಾಗ ಮುಂದೆ ಕೂತು ಕೇಳ್ತೇನೆ, ಬರುವಾಗ ಗೊಬ್ಬರದ ಮೂಟೆ ಕಾಯಬೇಕು ಅಂತ ಹಿಂದೆ ಹತ್ತಿಕೊಳ್ತೇನೆ.