ಬೈಗುಳಕ್ಕೆ ವಿಶ್ವಕೋಶದಲ್ಲಿ ಪುಟ ಬೇಕೇ? ನಿರ್ಧರಿಸುವ ಕ್ರಮ

ಆಡುಮಾತಿನ ಬೈಗುಳವೊಂದಕ್ಕೆ ವಿಕಿಪೀಡಿಯದಲ್ಲಿ ಪುಟ ಇರಬೇಕೇ ಎಂಬ ಪ್ರಶ್ನೆ ಎದ್ದಾಗ ಸಾಮಾನ್ಯವಾಗಿ ಎರಡು ವಾದಗಳು ಕೇಳಿಬರುತ್ತವೆ. ಇಂಥ ಹೊಲಸು ಪದ ಜ್ಞಾನಕೋಶಕ್ಕೆ ಶೋಭೆಯಲ್ಲ ಎಂದು ಕೆಲವರು ಹೇಳಿದರೆ, ಊರಿಗೆಲ್ಲ ಗೊತ್ತಿರುವ ಪದವನ್ನು ಬಿಡುವುದು ಹೇಗೆ ಎಂದು ಇನ್ನು ಕೆಲವರು ಕೇಳುತ್ತಾರೆ. ನಿರ್ಧಾರ ತೆಗೆದುಕೊಳ್ಳಬೇಕಾದವರು ಮೊದಲು ಈ ಎರಡನ್ನೂ ಬದಿಗಿಡಬೇಕು. ಆ ಪದವನ್ನೇ ವಿಷಯವಾಗಿಟ್ಟುಕೊಂಡು ಪತ್ರಕರ್ತರು, ಭಾಷಾವಿದ್ವಾಂಸರು, ಸಮಾಜಶಾಸ್ತ್ರಜ್ಞರು ಅಥವಾ ನ್ಯಾಯಾಲಯಗಳು ತಕ್ಕಷ್ಟು ಬರೆದಿವೆಯೇ ಎಂಬುದನ್ನು ಹುಡುಕುವುದೇ ನಿಜವಾದ ಕೆಲಸ.

ಹುಡುಕುವ ಮುನ್ನ ನಿಘಂಟಿಗೂ ವಿಶ್ವಕೋಶಕ್ಕೂ ಇರುವ ಗಡಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ‘ಬೇವರ್ಸಿ’ ಎಂಬ ಬೈಗುಳವನ್ನು ತೆಗೆದುಕೊಳ್ಳೋಣ. ಅದು ವಾರಸುದಾರರಿಲ್ಲದ್ದು ಎಂಬ ಅರ್ಥದ ‘ಬೇವಾರಸು’ ಪದದಿಂದ ಬಂದಿದೆ. ಆ ಮೂಲರೂಪವು ಪೊಲೀಸ್ ಮತ್ತು ಕಂದಾಯ ಕಡತಗಳಲ್ಲಿ ಬೇವಾರಸು ವಾಹನ, ಬೇವಾರಸು ಆಸ್ತಿ ಎಂದು ಯಾವ ನಿಂದೆಯೂ ಇಲ್ಲದೆ ಬಳಕೆಯಾಗುತ್ತದೆ. ಇದು ಸ್ವಾರಸ್ಯಕರವಾದರೂ ಅರ್ಥ, ವ್ಯುತ್ಪತ್ತಿ ಮತ್ತು ಬಳಕೆಯ ಉದಾಹರಣೆ ಇಷ್ಟರಲ್ಲೇ ವಿಷಯ ಮುಗಿಯುವುದಾದರೆ ಅದರ ಜಾಗ ವಿಕಿಪೀಡಿಯದ ಸೋದರ ನಿಘಂಟಾದ ವಿಕ್ಷನರಿ. ನಾಲ್ಕನೆಯ ವಾಕ್ಯಕ್ಕೆ ಹೇಳುವುದೇನೂ ಉಳಿಯದ ಪುಟವನ್ನು ಚುಟುಕು ಲೇಖನವೆಂದು ಕರೆದು ಉಳಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಓದುಗರಿಗೂ ಪದಕ್ಕೂ ನ್ಯಾಯ ಮಾಡಿದಂತಲ್ಲ.

ಇನ್ನು ಆಕರಗಳು. ಇಲ್ಲಿಯೇ ಹೆಚ್ಚಿನ ಗೊಂದಲ ಹುಟ್ಟುತ್ತದೆ, ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ಕಳೆಯಬೇಕು. ಪದವನ್ನು ಬಳಸಿರುವ ಬರಹ ಒಂದು ಬಗೆ, ಪದದ ಬಗ್ಗೆ ಇರುವ ಬರಹ ಇನ್ನೊಂದು ಬಗೆ. ಶಾಸಕರೊಬ್ಬರು ಮತ್ತೊಬ್ಬರನ್ನು ‘ಚಮಚಾ’ ಎಂದು ಜರೆದ ವರದಿಗಳು ನೂರು ಸಿಕ್ಕರೂ ಅವು ಪದ ಬಳಕೆಯಲ್ಲಿದೆ ಎಂಬುದನ್ನಷ್ಟೇ ತೋರಿಸುತ್ತವೆ. ಅವುಗಳನ್ನು ಜೋಡಿಸಿ ‘ಈ ಪದವು ರಾಜಕೀಯದಲ್ಲಿ ವ್ಯಾಪಕವಾಗಿದೆ’ ಎಂದು ನಾವೇ ತೀರ್ಮಾನಿಸಿದರೆ ಅದು ಸ್ವಂತ ಸಂಶೋಧನೆಯಾಗುತ್ತದೆ, ವಿಕಿಪೀಡಿಯದಲ್ಲಿ ಅದಕ್ಕೆ ಅವಕಾಶವಿಲ್ಲ. ಆದರೆ ಇದೇ ಪದಕ್ಕೆ ಬೇರೊಂದು ಇತಿಹಾಸವೂ ಇದೆ. ಗಾಂಧಿ ಮತ್ತು ಅಂಬೇಡ್ಕರ್ ನಡುವಿನ ಪುಣೆ ಒಪ್ಪಂದಕ್ಕೆ 50 ವರ್ಷ ತುಂಬಿದ 1982ರಲ್ಲಿ, ಮುಂದೆ ಬಹುಜನ ಸಮಾಜ ಪಕ್ಷವನ್ನು ಕಟ್ಟಿದ ಕಾನ್ಶೀರಾಮ್ ಅವರು ‘ಚಮಚಾ ಯುಗ’ ಎಂಬ ಹೆಸರಿನಲ್ಲಿ ಇಂಗ್ಲಿಷ್ ಪುಸ್ತಕವೊಂದನ್ನು ಪ್ರಕಟಿಸಿ, ದಲಿತರೇ ಮತ ಹಾಕಿ ತಮ್ಮ ಪ್ರತಿನಿಧಿಯನ್ನು ಆರಿಸುವ ಪ್ರತ್ಯೇಕ ಮತಕ್ಷೇತ್ರಗಳು ಕೈತಪ್ಪಿ ಎಲ್ಲರೂ ಮತ ಹಾಕುವ ಜಂಟಿ ಮತಕ್ಷೇತ್ರಗಳು ಬಂದದ್ದರಿಂದ ದಲಿತ ಸಮುದಾಯದ ಪ್ರತಿನಿಧಿಗಳು ಇತರರ ಪಕ್ಷಗಳ ಕೈಗೊಂಬೆಗಳಾದರು ಎಂದು ವಾದಿಸಿದರು. ಬೀದಿಯ ಬೈಗುಳವೊಂದು ಹೀಗೆ ರಾಜಕೀಯ ಪರಿಕಲ್ಪನೆಯಾಯಿತು, ಅದನ್ನು ಕುರಿತು ಬೇರೆ ವಿದ್ವಾಂಸರೂ ಚರ್ಚಿಸಿದ್ದಾರೆ. ಪುಟವೊಂದನ್ನು ಹೊರಬಲ್ಲ ವಸ್ತು ಎಂದರೆ ಇಂಥದ್ದು.

ಸಿಕ್ಕ ಆಕರ ಪದದ ಬಗ್ಗೆಯೇ ಇದ್ದರೂ ಅದರ ಗುಣಮಟ್ಟವನ್ನು ತೂಗಬೇಕು. ಯಾರು ಬೇಕಾದರೂ ಅರ್ಥ ಸೇರಿಸಬಹುದಾದ ಅರ್ಬನ್ ಡಿಕ್ಷನರಿಯಂಥ ತಾಣಗಳು, ಟ್ರೋಲ್ ಪುಟಗಳು ಮತ್ತು ಗೂಗಲ್ ತೋರಿಸುವ ಫಲಿತಾಂಶಗಳ ಸಂಖ್ಯೆ ಇವು ಆಧಾರವಾಗಲಾರವು. ಬೈಗುಳಗಳ ಹುಟ್ಟಿನ ಬಗ್ಗೆ ಕಟ್ಟುಕಥೆಗಳು ಬೇಗ ಹಬ್ಬುವುದರಿಂದ ಈ ಎಚ್ಚರ ಇನ್ನಷ್ಟು ಅಗತ್ಯ. ಬ್ರಿಟನ್ನಿನಲ್ಲಿ ಕಾರ್ಮಿಕ ವರ್ಗದ ಯುವಜನರನ್ನು ಹೀಗಳೆಯಲು ಬಳಸುವ ‘ಚ್ಯಾವ್’ ಎಂಬ ಪದ ಸರ್ಕಾರಿ ವಸತಿಗೃಹಗಳ ನಿವಾಸಿಗಳನ್ನು ಹಿಂಸಾಚಾರಿಗಳೆಂದು ಕರೆಯುವ ಇಂಗ್ಲಿಷ್ ಪದಗುಚ್ಛದ ಮೊದಲಕ್ಷರಗಳಿಂದ ಹುಟ್ಟಿತು ಎಂಬ ಕಥೆ ಅಲ್ಲಿ ಪ್ರಚಲಿತವಾಗಿದೆ. ಭಾಷಾವಿದ್ವಾಂಸರು ಅದನ್ನು ಒಪ್ಪದೆ, ಮಗು ಎಂಬ ಅರ್ಥದ, ಯುರೋಪಿನ ರೋಮಾ ಜನರ ರೊಮಾನಿ ಭಾಷೆಯ ಪದದತ್ತ ಬೆರಳು ಮಾಡುತ್ತಾರೆ. ಆ ಪದಕ್ಕೆ ಪ್ರತ್ಯೇಕ ಪುಟ ಸಲ್ಲುವುದು ಅದರ ಹಿಂದಿರುವ ವರ್ಗದ್ವೇಷವನ್ನು ಬ್ರಿಟಿಷ್ ಪತ್ರಕರ್ತ ಓವೆನ್ ಜೋನ್ಸ್ ಅವರು 2011ರಲ್ಲಿ ಇಡೀ ಪುಸ್ತಕವೊಂದರಲ್ಲಿ ಪರಿಶೀಲಿಸಿರುವಂಥ ಕಾರಣಗಳಿಂದ. ಪುಟ ಬಂದ ಮೇಲೆ ಅದು ಸುಳ್ಳು ವ್ಯುತ್ಪತ್ತಿಯನ್ನು ಸುಳ್ಳೆಂದೇ ದಾಖಲಿಸಿ ಓದುಗರಿಗೆ ನೆರವಾಗುತ್ತದೆ.

ಸರ್ಕಾರದ ಮತ್ತು ನ್ಯಾಯಾಲಯಗಳ ದಾಖಲೆಗಳನ್ನು ಹಲವರು ಮರೆಯುತ್ತಾರೆ. ಈಶಾನ್ಯ ರಾಜ್ಯಗಳ ಜನರನ್ನು ಮುಖಚಹರೆಯ ನೆಪದಲ್ಲಿ ಹೀನಾಯವಾಗಿ ಕರೆಯುವ ‘ಚಿಂಕಿ’ ಎಂಬ ಪದದ ವಿಷಯದಲ್ಲಿ, ಪರಿಶಿಷ್ಟ ಪಂಗಡದವರನ್ನು ಹಾಗೆ ನಿಂದಿಸಿದವರ ಮೇಲೆ ದೌರ್ಜನ್ಯ ತಡೆ ಕಾಯ್ದೆಯಡಿ ಕ್ರಮ ಕೈಗೊಳ್ಳುವಂತೆ ಕೇಂದ್ರ ಗೃಹ ಸಚಿವಾಲಯ 2012ರಲ್ಲಿ ರಾಜ್ಯಗಳಿಗೆ ಸೂಚಿಸಿತು. 2014ರಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿಯೊಬ್ಬ ದೆಹಲಿಯಲ್ಲಿ ಹಲ್ಲೆಗೊಳಗಾಗಿ ಸತ್ತ ಬಳಿಕ ನೇಮಕವಾದ ಬೆಜ್‌ಬರುವಾ ಸಮಿತಿ ಈಶಾನ್ಯದವರು ಎದುರಿಸುವ ಜನಾಂಗೀಯ ನಿಂದನೆಯನ್ನು ಪರಿಶೀಲಿಸಿತು. ಪದವೊಂದರ ಸುತ್ತ ಕಾನೂನು, ಆಡಳಿತ ಮತ್ತು ಪತ್ರಿಕಾ ಚರ್ಚೆ ಹೀಗೆ ಬೆಳೆದಿರುವಾಗ, ಅದು ನೋವುಂಟುಮಾಡುವ ಪದ ಎಂಬ ಕಾರಣಕ್ಕೆ ಪುಟವನ್ನು ಅಳಿಸುವುದು ಆ ನೋವಿನ ದಾಖಲೆಯನ್ನೇ ಅಳಿಸಿದಂತೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಜಾತಿಯ ಹೆಸರೇ ಬೈಗುಳವಾಗಿ ಬಳಕೆಯಾಗುವ ಸಂದರ್ಭ ಇನ್ನೂ ಸೂಕ್ಷ್ಮ. ಉತ್ತರ ಭಾರತದ ಸಮುದಾಯವೊಂದರ ಹೆಸರಿನ ಬಗ್ಗೆ 2008ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪದದ ಮೂಲಾರ್ಥಕ್ಕಿಂತ ಬಳಕೆಯಿಂದ ಬಂದಿರುವ ಜನಜನಿತ ಅರ್ಥವನ್ನು ನೋಡಬೇಕೆಂದು ಹೇಳಿತು. ಇಂಥ ಚರ್ಚೆಗೆ ಬೈಗುಳದ ಹೆಸರಿನಲ್ಲಿ ಬೇರೆ ಪುಟ ತೆರೆಯುವುದಕ್ಕಿಂತ, ಅಸ್ಪೃಶ್ಯತೆ ಅಥವಾ ಜಾತಿನಿಂದನೆಯ ಪುಟದಲ್ಲಿ ಒಂದು ವಿಭಾಗ ಮಾಡುವುದು ಉಚಿತ. ಇಲ್ಲವಾದರೆ ತಮ್ಮ ಸಮುದಾಯದ ಹೆಸರನ್ನು ಹುಡುಕಿ ಬಂದವರಿಗೆ ಮೊದಲು ಕಾಣುವುದು ಅವಮಾನವೇ ಆಗಿರುತ್ತದೆ.

ಒಮ್ಮೊಮ್ಮೆ ಸುದ್ದಿಯ ಮಹಾಪೂರವೇ ಬಂದಿದ್ದರೂ ಅದು ಪದಕ್ಕೆ ಸೇರಿದ್ದಾಗಿರುವುದಿಲ್ಲ. 2008ರ ಜನವರಿಯ ಸಿಡ್ನಿ ಟೆಸ್ಟ್ ಪಂದ್ಯದಲ್ಲಿ, ಅನಿಲ್ ಕುಂಬ್ಳೆ ನಾಯಕತ್ವದ ಭಾರತ ತಂಡದ ಹರ್ಭಜನ್ ಸಿಂಗ್ ಅವರು ಆಸ್ಟ್ರೇಲಿಯಾದ ಆ್ಯಂಡ್ರ್ಯೂ ಸೈಮಂಡ್ಸ್ ಅವರನ್ನು ಕೋತಿ ಎಂದು ಜರೆದರೆಂಬ ಆರೋಪ ಎದ್ದಿತು. ಹರ್ಭಜನ್ ಮೇಲೆ ಹೇರಿದ್ದ ಮೂರು ಟೆಸ್ಟ್‌ಗಳ ನಿಷೇಧವನ್ನು ಮೇಲ್ಮನವಿಯಲ್ಲಿ ನ್ಯಾಯಮೂರ್ತಿ ಜಾನ್ ಹ್ಯಾನ್ಸನ್ ರದ್ದುಪಡಿಸಿದರು. ಜನಾಂಗೀಯ ನಿಂದನೆ ಸಾಬೀತಾಗಲಿಲ್ಲ, ಅಸಭ್ಯ ಮಾತಿಗಾಗಿ ಪಂದ್ಯಶುಲ್ಕದ ಅರ್ಧದಷ್ಟು ದಂಡ ಬಿತ್ತು. ಈ ವರದಿಗಳೆಲ್ಲ ಘಟನೆಯ ಪುಟಕ್ಕೆ ಸೇರಬೇಕು. ಅವುಗಳನ್ನೇ ನೆಚ್ಚಿ ಪದದ ಪುಟ ಕಟ್ಟಿದರೆ ಸಾಬೀತಾಗದ ಮಾತನ್ನು ಆಡಿದ್ದೇ ನಿಜವೆಂಬಂತೆ ಬರೆದಂತಾಗುತ್ತದೆ. ಜೀವಂತ ವ್ಯಕ್ತಿಯನ್ನು ಗೇಲಿಮಾಡಲು ಹುಟ್ಟಿದ ಅಡ್ಡಹೆಸರುಗಳಿಗೆ ಪ್ರತ್ಯೇಕ ಪುಟವೇ ಬೇಡ. ತೀರಾ ಅಗತ್ಯವಿದ್ದರೆ ಆ ವ್ಯಕ್ತಿಯ ಪುಟದಲ್ಲಿ, ಗಟ್ಟಿ ಆಕರದೊಂದಿಗೆ, ಒಂದು ವಾಕ್ಯ ಸಾಕು.

ಕನ್ನಡದ ಬೈಗುಳಗಳಿಗೆ ಬರುವ ಕಷ್ಟ ಬೇರೆ ಬಗೆಯದು. ಮಂಡ್ಯದಲ್ಲಿ ಸಲಿಗೆಯ ಮಾತಾಗಿ ನಡೆಯುವ ಪದ ಇನ್ನೊಂದು ಸೀಮೆಯಲ್ಲಿ ಜಗಳಕ್ಕೆ ದಾರಿಯಾಗಬಹುದು. ಇದು ನಮಗೆ ಅನುಭವದಿಂದ ಗೊತ್ತಿದ್ದರೂ ಬರೆದವರು ಕಡಿಮೆ. ಕಿಟ್ಟೆಲ್ ಅವರ 1894ರ ನಿಘಂಟು ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನಿಂದ ಹುಡುಕಾಟ ಆರಂಭಿಸಿ, ಜಾನಪದ ಮತ್ತು ಉಪಭಾಷಾ ಅಧ್ಯಯನಗಳು, ವಿಶ್ವವಿದ್ಯಾಲಯಗಳ ಪ್ರಬಂಧಗಳು, ಹಳೆಯ ಪತ್ರಿಕೆಗಳ ಅಂಕಣಗಳವರೆಗೂ ಹೋಗಬೇಕು. ಆಕರ ಕನ್ನಡದಲ್ಲೇ ಇರಬೇಕೆಂಬ ನಿಯಮವಿಲ್ಲ, ಅಂತರಜಾಲದಲ್ಲಿ ಸಿಗಬೇಕೆಂದೂ ಇಲ್ಲ. ಗ್ರಂಥಾಲಯದಲ್ಲಿರುವ ಪುಸ್ತಕದ ಪುಟಸಂಖ್ಯೆ ಕೊಟ್ಟರೂ ಸಲ್ಲುತ್ತದೆ.

ಹುಡುಕಾಟ ಮುಗಿದಾಗ ಉಳಿಸು, ಅಳಿಸು ಎಂಬ ಎರಡೇ ದಾರಿಗಳು ಇರುವುದಿಲ್ಲ. ಬರೀ ಅರ್ಥ ಸಿಕ್ಕಿದ್ದರೆ ವಿಕ್ಷನರಿಗೆ ಸಾಗಿಸಬಹುದು. ಒಂದೆರಡು ಪ್ಯಾರಾಗಳಷ್ಟು ವಸ್ತು ಇದ್ದರೆ ದೊಡ್ಡ ವಿಷಯದ ಪುಟದಲ್ಲಿ ವಿಲೀನಗೊಳಿಸಿ, ಪದವನ್ನು ಹುಡುಕಿದವರನ್ನು ಆ ಪುಟಕ್ಕೆ ಕರೆದೊಯ್ಯುವ ಪುನರ್ನಿರ್ದೇಶನ ಇಡಬಹುದು. ಪದದ ಬಗ್ಗೆಯೇ ವಿಸ್ತಾರವಾಗಿ ಬರೆದಿರುವ, ಒಂದರ ನಕಲು ಇನ್ನೊಂದಲ್ಲದ ಎರಡು ಮೂರು ಆಕರಗಳಾದರೂ ಕೈಯಲ್ಲಿದ್ದರೆ ಮಾತ್ರ ಸ್ವತಂತ್ರ ಪುಟದ ಪರ ನಿಲ್ಲಬೇಕು. ಹಾಗೆ ನಿಂತವರು ಪ್ರತಿ ಆಕರದಲ್ಲಿ ಪದದ ಬಗ್ಗೆ ಏನು ಹೇಳಿದೆ, ಎಷ್ಟು ಪುಟಗಳಲ್ಲಿ ಹೇಳಿದೆ ಎಂಬುದನ್ನು ಚರ್ಚಾಪುಟದಲ್ಲಿ ಬರೆದಿಡಬೇಕು. ಆಗ ಮುಂದೆ ಅದೇ ಪುಟಕ್ಕೆ ಅಳಿಸುವಿಕೆಯ ಕೋರಿಕೆ ಹಾಕುವವರು ಆ ಆಕರಗಳಿಗೇ ಉತ್ತರ ಕೊಡಬೇಕಾಗುತ್ತದೆ.