ಬಸವನಹುಳುವಿನ ಚಿಪ್ಪು ಸಿಕ್ಕಿತಾ? ಮೊದಲು ಬಾಯಿ ನೋಡಿ

ಮಳೆ ಬಿಟ್ಟ ಮಾರನೇ ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋದಾಗ ಖಾಲಿ ಚಿಪ್ಪೊಂದು ಸಿಕ್ಕಿತು ಅಂದುಕೊಳ್ಳಿ. ಒಳಗೆ ಹುಳು ಇದೆಯಾ ನೋಡಿ. ಇದ್ದರೆ ಬರಿಗೈಲಿ ಮುಟ್ಟಬೇಡಿ, ಕೆಲವದರಲ್ಲಿ ಮಿದುಳಿಗೆ ತೊಂದರೆ ಕೊಡುವ ಪರೋಪಜೀವಿ ಇರುತ್ತದೆ.

ಈಗ ಚಿಪ್ಪಿನ ಚೂಪು ತುದಿ ಮೇಲಕ್ಕೆ, ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿಯಿರಿ. ಬಾಯಿ ಬಲಕ್ಕಿದ್ದರೆ ಬಲಮುರಿ, ಎಡಕ್ಕಿದ್ದರೆ ಎಡಮುರಿ. ಹೌದು, ಶ್ರೀರಂಗಪಟ್ಟಣದ ಹತ್ತಿರ ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗ್ತೀವಲ್ಲ, ಅದೇ ಹೆಸರು! ಸಿಗುವುದು ಹೆಚ್ಚುಕಮ್ಮಿ ಎಲ್ಲ ಬಲಮುರಿಯೇ. ಪಶ್ಚಿಮ ಘಟ್ಟದ ಕಡೆ ಅರಿಯೋಫಾಂಟ ಅನ್ನುವ ಗುಂಪಿನಲ್ಲಿ ಎಡಕ್ಕೆ ಸುತ್ತಿದವೂ ಇವೆ. ಆದರೆ ದೇವರ ಮನೆಯ ಬಲಮುರಿ ಶಂಖದ ಲೆಕ್ಕವೇ ಬೇರೆ. ಅದನ್ನು ನೀರು ಸುರಿಯುವ ಮೂತಿ ಮೇಲೆ ಮಾಡಿ ನೋಡುತ್ತಾರೆ, ಹಾಗಾಗಿ ನಮ್ಮ ಈ ಲೆಕ್ಕಕ್ಕೆ ತಿರುಗಿಸಿ ಹಿಡಿದರೆ ಅದು ಎಡಮುರಿ. ಇದನ್ನು ಹೇಳಲು ಹೋಗಿ ಅಜ್ಜಿ ಹತ್ತಿರ ಬೈಸಿಕೊಂಡಿದ್ದೇನೆ.

ಆಮೇಲೆ ಆಕಾರ. ಬೆರಳುದ್ದ, ತುದಿ ಚೂಪು, ಮೇಲಿಂದ ಕೆಳಕ್ಕೆ ಕಂದು ಪಟ್ಟೆ, ಎಣಿಸಿದರೆ 7ರಿಂದ 9 ಸುತ್ತು ಇದ್ದರೆ ಅದು ಆಫ್ರಿಕಾದ ಶಂಖದ ಹುಳು. 1847ರಲ್ಲಿ ಬೆನ್ಸನ್ ಅನ್ನುವವರು ಮಾರಿಷಸ್‌ನಿಂದ ತಂದು ಕಲ್ಕತ್ತದ ತೋಟಕ್ಕೆ ಬಿಟ್ಟರು, ಇವತ್ತು ನಮ್ಮ ಪಪಾಯ, ಹಿಪ್ಪುನೇರಳೆ ತೋಟದವರು ಅನುಭವಿಸುತ್ತಿದ್ದಾರೆ. ಅದೇ ಚಿಪ್ಪು ಚಪ್ಪಟೆಯಾಗಿ, ಕಂದು ಗೆರೆ ಸುರುಳಿ ಜೊತೆಗೇ ಸುತ್ತಿಕೊಂಡು ಹೋಗಿದ್ದರೆ ಕ್ರಿಪ್ಟೋಜೋನ ಇರಬಹುದು. ಅದು ನಮ್ಮದೇ ನೆಲದ್ದು.

ಮಂಡ್ಯದ ಕಡೆ ಭತ್ತದ ಗದ್ದೆ ಬದುವಿನಲ್ಲಿ ಸಿಗುವ ಗುಂಡನೆಯದನ್ನು ನೆಲದ ಹುಳು ಅಂದುಕೊಂಡು ಮೋಸ ಹೋಗಬೇಡಿ, ಅದು ನೀರಿನದು, ಪೈಲಾ. ಅದರ ಬಾಯಿಗೆ ಗಟ್ಟಿ ಮುಚ್ಚಳ ಇರುತ್ತದೆ. ನಮ್ಮ ತೋಟದ ಬಸವನಹುಳುಗಳಿಗೆ ಸಾಮಾನ್ಯವಾಗಿ ಮುಚ್ಚಳ ಇಲ್ಲ, ಬೇಸಿಗೆ ಬಂದರೆ ಲೋಳೆಯನ್ನೇ ಒಣಗಿಸಿ ಹಾಳೆಯಂಥ ಪರದೆ ಕಟ್ಟಿಕೊಂಡು ಮಲಗಿಬಿಡುತ್ತವೆ.

ಚಿಪ್ಪಿನ ತುದಿ ಮೊಟ್ಟೆಯಿಂದ ಬಂದಾಗಿನದು, ಬಾಯಿಯ ಅಂಚು ಕೊನೆಗೆ ಬೆಳೆದದ್ದು. ಬಣ್ಣ ಹೋಗಿ ಸುಣ್ಣದಂತೆ ಬೆಳ್ಳಗಾಗಿದ್ದರೆ ಹುಳು ಸತ್ತು ಬಹಳ ದಿನ ಆಗಿದೆ. ಪಕ್ಕ ಒಡೆದಿದ್ದರೆ ಕೆಂಬೂತವೋ ಇಲಿಯೋ ತಿಂದಿರಬಹುದು. ನನಗೆ ಈ ಒಡಕು ಚಿಪ್ಪೇ ಜಾಸ್ತಿ ಇಷ್ಟ: ಒಳಗಿನ ಕಂಬ, ಅದರ ಸುತ್ತ ಏರುವ ಮೆಟ್ಟಿಲು ಕಾಣುತ್ತದೆ.

ಮನೆಗೆ ತಂದರೆ ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಜಾಗ, ತಾರೀಕು ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಸುರುಳಿ ಸುತ್ತಿ ಅದರ ಬಾಯಿಗೇ ತುರುಕಿ.